ಮಗಳಿಗೊಂದು ಪತ್ರ: ಆ ತಾತನಿಗೆ ‘ಕೂತ್ಕೊಳ್ಳಿ’ ಅಂದವನು ನಾನೇ

ತಿಪಟೂರು, ಗುರುವಾರ ರಾತ್ರಿ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಸರಿಯಾಗಿ ಮಾತಾಡುತ್ತಿದ್ದೆನೋ ಇಲ್ಲವೋ. ಅದಕ್ಕೇ ಬರೆಯೋಕೆ ಕೂತಿದ್ದೇನೆ. ಭಾನುವಾರ ನಮ್ಮ ಭಜನಾ ಮಂಡಳಿಯವರು ಊಟ ಬಡಿಸೋಕೆ ಅಂತ ಬೆಂಗಳೂರಿಗೆ, ನೀನು ಕೆಲಸ ಮಾಡುವ ಮನೆಯಿಲ್ಲದವರ ಆಶ್ರಯ ಕೇಂದ್ರಕ್ಕೆ ಬಂದಾಗ, ಎಲ್ಲರ ಮುಂದೆ ನಿನ್ನ ಮೇಲೆ ಕೂಗಾಡಿದೆನಲ್ಲ, ಆ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ಅವು ನಿನಗೂ ನೆನಪಿವೆ, ನನಗೂ ನೆನಪಿವೆ.

ನನಗೆ ನಿದ್ದೆ ಬಿಡಿಸಿರುವುದು ಆ ತಾತ. ಕಂಬಕ್ಕೆ ಒರಗಿ ಕೂತಿದ್ದರಲ್ಲ, ಬೂದು ಬಣ್ಣದ ಸ್ವೆಟರ್ ಹಾಕಿಕೊಂಡು, ಅವರು. ನಮ್ಮ ಮಂಡಳಿಯವರು ಭಜನೆ ಶುರು ಮಾಡಿದಾಗ ಅವರ ಕೈಗೆ ಆಗಲೇ ತಟ್ಟೆ ಬಂದಿತ್ತು. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ತಾಳಕ್ಕೆ ಸರಿಯಾಗಿ ತಟ್ಟೆಯ ಹಿಂಬದಿಗೆ ಒಂದೇ ಬೆರಳಲ್ಲಿ ಬಡಿಯುತ್ತಿದ್ದರು. ಕಣ್ಣು ಮಾತ್ರ ಬಿಸಿಬೇಳೆ ಬಾತಿನ ಡಬರಿಯ ಮುಚ್ಚಳದ ಮೇಲೆ. ಒಂದು ಭಜನೆ ಮುಗಿಯಿತು, ಎರಡಾಯಿತು, ಐದಾಯಿತು. ಮಂಗಳ ಹಾಡಿದಾಗ ಎಲ್ಲ ಮುಗಿಯಿತು ಅಂದುಕೊಂಡು ಎದ್ದು ನಿಂತರು. ಆಗ ನಾನೇ ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟು, ‘ಕೂತ್ಕೊಳ್ಳಿ, ಇನ್ನೂ ಬ್ಯಾನರ್ ಕಟ್ಟಬೇಕು, ಒಂದು ಫೋಟೋ ಇದೆ’ ಅಂದೆ. ಅವರು ಕೂತರು. ಏನೂ ಅನ್ನಲಿಲ್ಲ. ಬೆರಳು ನಿಂತುಹೋಯಿತು.

ನೀನು ಬಂದು ಮುಚ್ಚಳ ತೆಗೆದು ‘ಮೊದಲು ಬಡಿಸಿ ಅಪ್ಪ’ ಅಂದದ್ದು ಅದಾದ ಮೇಲೆ. ನನ್ನ ಕೋಪವೂ ಅದಾದ ಮೇಲೆ.

ಅವರು ಬೆಳಗಿನ ಜಾವ ಮಾರ್ಕೆಟ್‌ನಲ್ಲಿ ಹೂವಿನ ಮೂಟೆ ಇಳಿಸೋಕೆ ಹೋಗುತ್ತಾರೆ, ಸಂಜೆ ಛತ್ರದಲ್ಲಿ ಪಾತ್ರೆ ತೊಳೆಯುತ್ತಾರೆ ಅಂತ ನೀನು ಅವತ್ತು ಹೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಮನೆ ಇಲ್ಲದವರು ಅಂದರೆ ಕೆಲಸವೂ ಇಲ್ಲದವರು ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ಹಾಗಾದರೆ ಬೆಳಗ್ಗೆ ಎಷ್ಟು ಹೊತ್ತಿಗೆ ತಿಂದಿದ್ದರೋ ಪಾಪ. ಹೆಗಲ ಮೇಲೆ ಕೈಯಿಟ್ಟಾಗ ಮೂಳೆ ಕೈಗೆ ಸಿಕ್ಕಿತ್ತು. ಅದು ಇನ್ನೂ ಕೈಯಲ್ಲೇ ಇದೆ.

ನಾನು ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಓದಿದವನು. ಇದನ್ನು ನೀನು ನೂರು ಸಲ ಕೇಳಿದ್ದೀಯ. 1973ರಲ್ಲಿ ನಮ್ಮಪ್ಪ ನನ್ನನ್ನು ಅಲ್ಲಿ ಬಿಟ್ಟು ಬಂದಾಗ ನನಗೆ ಹನ್ನೊಂದು ವರ್ಷ. ದೊಡ್ಡ ಬುದ್ಧಿಯವರು, ಅಂದರೆ ಶಿವಕುಮಾರ ಸ್ವಾಮಿಗಳು, ಎದುರಿಗೆ ಬಂದವರನ್ನು ಮೊದಲು ಕೇಳುತ್ತಿದ್ದದ್ದೇ ‘ಪ್ರಸಾದ ಆಯ್ತಾ?’ ಅಂತ. ಅನ್ನ, ಅಕ್ಷರ, ಆಶ್ರಯ, ಮೂರೂ ಅಲ್ಲೇ ಸಿಕ್ಕಿತು. ಯಾರ ಜಾತಿಯನ್ನೂ ಕೇಳಲಿಲ್ಲ. ಸಂಜೆ ಸಾವಿರಾರು ಹುಡುಗರು ಸಾಲಾಗಿ ಕೂತು ಪ್ರಾರ್ಥನೆ ಮಾಡುತ್ತಿದ್ದೆವು. ಆ ದನಿ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಅದಕ್ಕೇ ನನ್ನ ಮನಸ್ಸಿನಲ್ಲಿ ಪ್ರಾರ್ಥನೆ ಬೇರೆ, ಊಟ ಬೇರೆ ಅಲ್ಲ. ನೀನು ‘ಹಸಿದವರ ಹತ್ತಿರ ಭಜನೆ ಮಾಡಿಸಬೇಡಿ’ ಅಂದಾಗ ನನ್ನ ತಾಯಿಯನ್ನೇ ಯಾರೋ ಬೈದ ಹಾಗಾಯಿತು.

ಆದರೆ ಈ ನಾಲ್ಕು ರಾತ್ರಿ ಇನ್ನೊಂದು ನೆನಪಾಗುತ್ತಿದೆ. ಪ್ರಾರ್ಥನೆ ಅಲ್ಲೇ ಇರುವ ನಮಗೆ, ಹುಡುಗರಿಗೆ. ಹೊತ್ತಲ್ಲದ ಹೊತ್ತಿಗೆ ಹಸಿದು ಬಂದವರಿಗೆ ಸುಮ್ನೆ ಬಡಿಸುತ್ತಿದ್ದರು. ಅವರನ್ನು ಯಾರೂ ಹಾಡು ಅನ್ನಲಿಲ್ಲ. ದಾಸೋಹ ಅಂದರೆ ನಾನು ದಾಸ ಅಂತ. ಬಡಿಸುವವನು ಹೇಳಿಕೊಳ್ಳಬೇಕಾದ ಮಾತು ಅದು. ನಾನು ಆ ತಾತನನ್ನು ದಾಸನನ್ನಾಗಿ ಮಾಡಿ ಕೂರಿಸಿಬಿಟ್ಟೆ. ತಪ್ಪಾಯಿತು ಪುಟ್ಟಿ. ನಿನ್ನ ಜೊತೆ ಕೆಲಸ ಮಾಡುವವರ ಮುಂದೆ ನಿನ್ನನ್ನು ಬೈದದ್ದೂ ತಪ್ಪು.

ಇಷ್ಟು ಹೇಳಿದ ಮೇಲೂ ಒಂದು ಮಾತಿದೆ. ಧರ್ಮವೇ ಬೇಡ, ಎಲ್ಲ ಸರ್ಕಾರವೇ ಮಾಡಲಿ ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಗರಸಭೆಯಲ್ಲಿ ಮೂವತ್ತು ವರ್ಷ ಕಂದಾಯದ ರಸೀದಿ ಹರಿದವನು ನಾನು. ಪ್ರತಿ ರಸೀದಿಯಲ್ಲೂ ಭಿಕ್ಷುಕರ ಕರ ಅಂತ ಒಂದು ಸಾಲು, ತೆರಿಗೆಯ ಮೇಲೆ ನೂರಕ್ಕೆ 3 ರೂಪಾಯಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ಆ ದುಡ್ಡು ಕೊನೆಗೆ ಯಾವ ತಟ್ಟೆಗೆ ಹೋಗುತ್ತದೆ ಅಂತ ಕೊಟ್ಟವರೂ ಕೇಳಲಿಲ್ಲ, ತಗೊಂಡ ನಾನೂ ಕೇಳಲಿಲ್ಲ. ಊರಿನ ಒಂದು ಲಕ್ಷ ಜನಕ್ಕೆ ಒಂದು ಆಶ್ರಯ ಕೇಂದ್ರ ಇರಬೇಕು, ತಲೆಗೆ 50 ಚದರ ಅಡಿ ಜಾಗ ಕೊಡಬೇಕು ಅಂತ ನಿಯಮ ಇದೆ ಅಂತ ನೀನೇ ಹೇಳಿಕೊಟ್ಟೆ. ಅದು ಬೇಕೇ ಬೇಕು. ಹಕ್ಕಾಗಿ ಸಿಗುವ ಚಾಪೆಯಲ್ಲಿ ಮಲಗುವವನು ಯಾರಿಗೂ ಕೈಮುಗಿಯಬೇಕಾಗಿಲ್ಲ. ಆದರೆ ನಮ್ಮ ಮಂಡಳಿಯವರು ಅವತ್ತು ಬೆಳಗಿನ ಜಾವ ಮೂರಕ್ಕೆ ಎದ್ದು ಅಕ್ಕಿ ತೊಳೆದದ್ದು ಯಾವ ನಿಯಮಕ್ಕೂ ಅಲ್ಲ. ದೇವರು ಮೆಚ್ಚುತ್ತಾನೆ ಅಂತ. 2020ರ ಲಾಕ್‌ಡೌನ್‌ನಲ್ಲಿ ಬೀದಿಗೆ ಬಿದ್ದವರಿಗೆ ಮಠ, ಮಸೀದಿ, ಚರ್ಚು, ಗುರುದ್ವಾರಗಳಿಂದ ಅನ್ನ ಬಂತಲ್ಲ, ಅದನ್ನು ಮರೆಯಬೇಡ. ಹೋದ ವರ್ಷ ನೀನೇ ನನ್ನನ್ನು ಹಲಸೂರು ಕೆರೆ ಹತ್ತಿರದ ಗುರುದ್ವಾರಕ್ಕೆ ಕರೆದುಕೊಂಡು ಹೋಗಿದ್ದೆ. ತಲೆಗೆ ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಕೂತೆವು, ರೊಟ್ಟಿ ದಾಲ್ ಹಾಕಿದರು, ನೀವು ಯಾರು ಅಂತ ಕೇಳಲಿಲ್ಲ. ಆ ಜನರಿಂದ ದೇವರನ್ನು ಕಿತ್ತುಕೊಂಡರೆ ಆ ರೊಟ್ಟಿ ಉಳಿಯುತ್ತದೆಯಾ ಹೇಳು?

ನೋಡು, ಮತ್ತೆ ಉಪದೇಶಕ್ಕೆ ಇಳಿದುಬಿಟ್ಟೆ. ಸಾಕು.

ಆದರೆ ಇದನ್ನು ಮಾತ್ರ ಕೇಳು. ರಾತ್ರಿ ಹನ್ನೊಂದರ ಮೇಲೆ ಕಲಾಸಿಪಾಳ್ಯದ ಕಡೆ ಒಬ್ಬಳೇ ಹೋಗಬೇಡ. ಫುಟ್‌ಪಾತಿನಲ್ಲಿ ಮಲಗಿದವರನ್ನು ಎಬ್ಬಿಸಿ ಕರೆದುಕೊಂಡು ಬರುವುದು ಒಳ್ಳೆಯ ಕೆಲಸವೇ. ಜೊತೆಗೆ ಇನ್ನೊಬ್ಬರು ಇರಲಿ. ತಲೆಗೆ ಸ್ಕಾರ್ಫ್ ಕಟ್ಟಿಕೋ, ಹೊತ್ತಿಗೆ ಊಟ ಮಾಡು. ಅಲ್ಲಿನ ಹೆಂಗಸರು ನಿನ್ನನ್ನು ‘ಅಕ್ಕ’ ಅನ್ನುವಾಗ, ನಿನಗಿಂತ ಎರಡು ಪಟ್ಟು ವಯಸ್ಸಾದವರೂ ಹಾಗೆ ಕರೆಯುವಾಗ, ನಾನು ಗೋಡೆ ಕಡೆ ತಿರುಗಿಕೊಂಡೆ. ನಿನಗೆ ಕಾಣಬಾರದು ಅಂತ. ವಾಪಸ್ ಬರುವಾಗ ಟೆಂಪೋದಲ್ಲಿ ನಿಮ್ಮಮ್ಮ ಒಂದೇ ಮಾತು ಹೇಳಿದಳು: ‘ಬಡಿಸೋದು ಅವಳಿಗೆ ಬರುತ್ತೆ ಕಣ್ರೀ.’

ಮಂಡಳಿಯಲ್ಲಿ ನಿನ್ನೆ ಮಾತಾಡಿದೆ. ಇನ್ನು ಮೇಲೆ ಭಜನೆ ಇಲ್ಲೇ, ಅಡುಗೆ ಆಗುವಾಗ. ಅಲ್ಲಿಗೆ ಬಂದ ಮೇಲೆ ಬಡಿಸುವುದಷ್ಟೇ. ಇಬ್ಬರಿಗೆ ಬೇಜಾರಾಗಿದೆ, ಅಧ್ಯಕ್ಷರು ಇನ್ನೂ ಒಪ್ಪಿಲ್ಲ. ಬ್ಯಾನರ್ ನಾನೇ ಮಡಚಿ ಅಟ್ಟದ ಮೇಲೆ ಹಾಕಿದ್ದೇನೆ.

ಹನ್ನೆರಡು ಕಂಬಳಿ ಉಳಿದಿವೆ. ಮುಂದಿನ ಭಾನುವಾರ ಬೆಳಗಿನ ರೈಲಿಗೆ ನಾನೊಬ್ಬನೇ ತರುತ್ತೇನೆ, ನೀನು ಬೇಡ ಅನ್ನದಿದ್ದರೆ. ಆ ತಾತನ ಹೆಸರೇನು? ನಾನು ಕೇಳಲೇ ಇಲ್ಲ. ಅವರು ಎಷ್ಟು ಹೊತ್ತಿಗೆ ಕೆಲಸದಿಂದ ಬರುತ್ತಾರೆ ಅಂತ ವಿಚಾರಿಸಿ ಒಂದು ಮೆಸೇಜ್ ಹಾಕು.

ನಿನ್ನ ಅಪ್ಪ