ಶಿಲುಬೆ ಕಂಡ ಕೂಡಲೇ ಭಕ್ತಿ ಎನ್ನಬೇಡ

ಪ್ರೀತಿಯ ತಂಗಿ,

ಲಿಥುವೇನಿಯಾದ ಮರದಚ್ಚು ಕಲಾವಿದ ಪೌಲ್ಯುಸ್ ಔಗ್ಯುಸ್ ಬಗ್ಗೆ ನೀನು ಬರೆದ ಲೇಖನ ಓದಿದೆ. ಎರಡು ಪತ್ರಿಕೆಗಳಿಂದ ವಾಪಸ್ ಬಂತು, ಇನ್ನು ಬರೆಯಲ್ಲ ಎಂದಿದ್ದೀಯ. ಹಾಗನ್ನಬೇಡ ಕಣಮ್ಮ. ಅಲ್ಲಿನ ಮರದಚ್ಚಿನ ಚಿತ್ರಗಳ (ಮರದ ಹಲಗೆ ಕೆತ್ತಿ ಮಸಿ ಹಚ್ಚಿ ಅಚ್ಚು ಹಾಕುವವು) ಬಗ್ಗೆ ಕನ್ನಡದಲ್ಲಿ ಬರೆಯೋರು ಎಷ್ಟು ಜನ ಇದ್ದಾರೆ? ಕಾಗುಣಿತ, ಪ್ಯಾರಾ ಎಲ್ಲ ಆಮೇಲೆ ಸರಿಹೋಗುತ್ತೆ.

ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಶಿಲುಬೆ ಕಂಡಲ್ಲೆಲ್ಲ 'ದೇಶ ಬಿಟ್ಟವನ ಆರ್ತ ಭಕ್ತಿ' ಅಂತ ಬರೆದಿದ್ದೀಯ. ಚಿತ್ರ ನೋಡಿದ್ಯಾ, ಇಲ್ಲ ಅವನ ಜೀವನಕಥೆ ಓದಿ ಅದನ್ನೇ ಚಿತ್ರಕ್ಕೆ ಅಂಟಿಸಿದ್ಯಾ? 1944ರಲ್ಲಿ ಸೋವಿಯತ್ ಸೇನೆ ಮತ್ತೆ ನುಗ್ಗಿದಾಗ ಅವನು ಜರ್ಮನಿಗೆ ಹೋದ. 1949ರಲ್ಲಿ ಶಿಕಾಗೋ ಸೇರಿದ, 1960ರಲ್ಲಿ ತೀರಿಕೊಂಡ. ಮರುವರ್ಷವೇ ಅವನ ನಾಡಿನ ಶಿಲುಬೆ ಗುಡ್ಡದ ಮೇಲೆ, ಜನ ಹರಕೆಗೆ ಶಿಲುಬೆ ನೆಡುತ್ತಿದ್ದ ಜಾಗದ ಮೇಲೆ, ಸೋವಿಯತ್ ಸರ್ಕಾರದ ಬುಲ್ಡೋಜರ್ ಹರಿಯಿತು. ಸಂಕಟದ ಕಥೆ, ನಿಜ. ಆದರೆ ಜನಪದ ಕೆತ್ತನೆಯ ದಾರಿ ಅವನು ಹಿಡಿದದ್ದು ಊರು ಬಿಡೋಕೆ ಮೊದಲೇ.

ಅಲ್ಲಿನ ದಾರಿಬದಿಯ ಶಿಲುಬೆಗಳನ್ನು ಸರಿಯಾಗಿ ನೋಡು. ಎರಡು ಮರ ಕೂಡುವ ಕಡೆಯಿಂದ ಸೂರ್ಯನ ಕಿರಣ ಹೊರಡುತ್ತವೆ. ಕೆಲವದರಲ್ಲಿ ಚಂದ್ರ ಇದ್ದಾನೆ, ಹಾವಿದೆ. ಲಿಥುವೇನಿಯಾ ಕ್ರೈಸ್ತವಾದದ್ದು 1387ರಲ್ಲಿ. ಔಗ್ಯುಸ್‌ನ ಝೆಮೈತಿಯಾ ಸೀಮೆ ಇನ್ನೂ ತಡ, 1413. ಹಳೇ ದೇವರುಗಳು ಎಲ್ಲಿಗೂ ಹೋಗಲಿಲ್ಲ, ಶಿಲುಬೆ ಮೇಲೇ ಕೂತವು. ನಾಗರಾಣಿಯ ಜನಪದ ಕಥೆಗೂ ಚಿತ್ರ ಕೆತ್ತಿದ ಕೈ ಔಗ್ಯುಸ್‌ನದು. ಇದನ್ನೆಲ್ಲ 'ಭಕ್ತಿ' ಅನ್ನೋ ಒಂದೇ ಚೀಲಕ್ಕೆ ತುರುಕಿಬಿಟ್ಟೆಯಲ್ಲ!

ಅಲ್ಲಿನ ಹಳ್ಳಿ ಬಡಗಿಗಳು ಕೆತ್ತುವ ಕ್ರಿಸ್ತ ಸುಮ್ನೆ ಕೂತಿರುತ್ತಾನೆ. ತಲೆ ಮೇಲೆ ಮುಳ್ಳಿನ ಕಿರೀಟ, ಗಲ್ಲಕ್ಕೆ ಕೈ. ಉಪದೇಶ ಇಲ್ಲ, ಪವಾಡ ಇಲ್ಲ. ದಣಿದಿದ್ದಾನೆ, ಅಷ್ಟೇ. ಆ ದಣಿವನ್ನು ಬರಿ. ಮರದಚ್ಚಿನಲ್ಲಿ ಉಳಿ ತಾಗಿದ ಕಡೆ ಬಿಳಿ, ಬಿಟ್ಟ ಕಡೆ ಕಪ್ಪು. ತಪ್ಪು ಕಡೆ ಕೆತ್ತಿದರೆ ಮರ ಮತ್ತೆ ಬೆಳೆಯಲ್ಲ. ಅಂಥ ಕೆಲಸದ ಬಗ್ಗೆ ಬರೆಯುವಾಗ ನಿನ್ನ ಮಾತು ಇಷ್ಟು ಮೆತ್ತಗಿದ್ದರೆ ಹೇಗೆ?

ನನ್ನ ಮೊದಲ ಲೇಖನದಲ್ಲಿ ಒಬ್ಬ ಸಂಪಾದಕರು ನನ್ನನ್ನು ಕೇಳದೆ 'ಆಧ್ಯಾತ್ಮಿಕ' ಅನ್ನೋ ಪದ ಸೇರಿಸಿದ್ದರು. ಚಿತ್ರವನ್ನು ಅವರು ನೋಡಿರಲೇ ಇಲ್ಲ. ಇವತ್ತಿಗೂ ನೆನೆದರೆ ಮೈ ಉರಿಯುತ್ತೆ. ನಿನಗೆ ಆ ಕೆಲಸ ಇನ್ನೊಬ್ಬರು ಮಾಡಬೇಕಾಗಿಲ್ಲ, ನೀನೇ ಮಾಡಿಕೊಂಡಿದ್ದೀಯ. ಅದಕ್ಕೇ ಇಷ್ಟು ಬೈದದ್ದು.

ಮೂರನೇ ಪುಟ ಚೆನ್ನಾಗಿದೆ. ಅಲ್ಲಿನ ಜನಪದ ಕಲಾವಿದರು ಸಂತರ ಚಿತ್ರಗಳನ್ನು ಹಲಗೆಯಿಂದ ಅಚ್ಚು ಹಾಕಿ ಕೈಯಲ್ಲಿ ಬಣ್ಣ ತುಂಬುತ್ತಿದ್ದದ್ದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀಯ. ಅಲ್ಲಿಂದಲೇ ಶುರು ಮಾಡು. ಹಿಂದಿನ ಎರಡು ಪುಟ ತೆಗೆದುಹಾಕು. ಯುಗಾದಿಯೊಳಗೆ ನನಗೆ ಕಳಿಸು, ಕಾಯ್ತಿರ್ತೀನಿ.

ನಿನ್ನ ಅಕ್ಕ