ಲೌಫೆನ್‌ಬುರ್ಗ್‌ನ ಆ ಹಿರಿಯರಿಗೆ ಧನ್ಯವಾದಗಳು

ಜರ್ಮನಿಯ ದಕ್ಷಿಣ ಅಂಚಿನಲ್ಲಿ, ರೈನ್ ನದಿಯ ದಡದಲ್ಲಿರುವ ಲೌಫೆನ್‌ಬುರ್ಗ್ ಎಂಬ ಪುಟ್ಟ ಪಟ್ಟಣಕ್ಕೆ ಸ್ವಿಟ್ಜರ್ಲೆಂಡಿನ ಕಡೆಯಿಂದ ಹಳೆಯ ಸೇತುವೆಯ ಮೇಲೆ ನಡೆದುಬರುತ್ತಿದ್ದಾಗ, ಸೂಟ್‌ಕೇಸಿನ ಚಕ್ರ ಮುರಿದು ದಿಕ್ಕುತೋಚದೆ ನಿಂತಿದ್ದ ನನಗೂ ನನ್ನ ತಾಯಿಯವರಿಗೂ ನೆರವಾದ ಹಿರಿಯರೊಬ್ಬರಿಗೆ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತಿದ್ದೇನೆ. ಹೆಸರು ಕೇಳಿದರೆ ಅವರು ನಕ್ಕು ಸುಮ್ಮನಾದರು.

ತಮ್ಮ ಸೈಕಲ್ಲಿನ ಕ್ಯಾರಿಯರ್‌ಗೆ ಸೂಟ್‌ಕೇಸನ್ನು ಹಗ್ಗದಿಂದ ಬಿಗಿದು, ತಾಯಿಯವರ ನಡಿಗೆಗೆ ತಕ್ಕಂತೆ ನಿಧಾನವಾಗಿ ತಳ್ಳುತ್ತಾ, ಅವರು ಜರ್ಮನ್ ಬದಿಯ ರೈಲು ನಿಲ್ದಾಣದವರೆಗೂ ಬಂದರು. ನೆಪೋಲಿಯನ್ ಕಾಲದಲ್ಲಿ ನದಿಯೇ ಗಡಿಯಾಗಿ, ಒಂದೇ ಊರು ಎರಡು ದೇಶಗಳ ಪಾಲಾದದ್ದನ್ನು ದಾರಿಯಲ್ಲಿ ವಿವರಿಸಿದರು. ಹೊಸ ಸೇತುವೆಯ ಪ್ರಸಂಗವನ್ನಂತೂ ಮನಸಾರೆ ನಗುತ್ತಲೇ ಹೇಳಿದರು: ಜರ್ಮನಿಯವರು ಎತ್ತರವನ್ನು ಉತ್ತರ ಸಮುದ್ರದ ಮಟ್ಟದಿಂದಲೂ ಸ್ವಿಸ್ಸರು ಮೆಡಿಟರೇನಿಯನ್ ಮಟ್ಟದಿಂದಲೂ ಅಳೆಯುವುದರಿಂದ ಬರುವ 27 ಸೆಂ.ಮೀ. ಅಂತರ ಎಲ್ಲರಿಗೂ ಗೊತ್ತಿತ್ತಾದರೂ, ಅದನ್ನು ತಿರುಗುಮುರುಗಾಗಿ ಲೆಕ್ಕಹಾಕಿದ್ದರಿಂದ 2003ರಲ್ಲಿ ಎರಡೂ ದಡಗಳ ನಡುವೆ 54 ಸೆಂ.ಮೀ. ವ್ಯತ್ಯಾಸ ಕಾಣಿಸಿಕೊಂಡಿತಂತೆ. (ಲೆಕ್ಕದಲ್ಲಿ ಎಂಜಿನಿಯರರು ತಪ್ಪುವುದಿಲ್ಲವೆಂದು ನಂಬಿದ್ದ ನನ್ನ ತಾಯಿಯವರಿಗೆ ಇದು ಬಹಳ ಹಿಡಿಸಿತು.)

ಮಾನ್ಯರೇ, ಹಣವನ್ನು ತಾವು ಮುಟ್ಟಲಿಲ್ಲ. ತಾಯಿಯವರು ಕೊಟ್ಟ ಕೋಡುಬಳೆಯ ಪೊಟ್ಟಣವನ್ನು ಮಾತ್ರ ಬೇಡವೆನ್ನಲಿಲ್ಲ. ಅದು ತಮಗೆ ತೀರಾ ಖಾರವಾಗಿರಲಿಲ್ಲವೆಂದು ಭಾವಿಸುತ್ತೇವೆ.