ಬನದ ಹುಣ್ಣಿಮೆಗೆ ಮೊದಲು

ಲಬ್ಬಕ್, ಟೆಕ್ಸಸ್
23 ನವೆಂಬರ್ 2025, ರವಿವಾರ

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು. ಅಪ್ಪ, ಅವ್ವ, ವೈನಿಯವರಿಗೂ ನನ್ನ ನಮಸ್ಕಾರ ತಿಳಿಸು. ಗುಂಡನಿಗೆ ಮುತ್ತು. ನಾವು ಮೂವರೂ ಇಲ್ಲಿ ಆರಾಮವಾಗಿದ್ದೇವೆ.

ಅವ್ವ ಕಳಿಸಿದ ಗಂಟು ಹೋದ ವಾರ ಕೈಸೇರಿತು. ಶೇಂಗಾ ಚಟ್ನಿಯ ಡಬ್ಬಿಯ ಕೆಳಗೆ ಅವಳು ಮಡಿಚಿಟ್ಟಿದ್ದ ಪತ್ರಕ್ಕೆ ಬಳ್ಳೊಳ್ಳಿಯ ವಾಸನೆ ಹತ್ತಿತ್ತು. ಮೊದಲ ಹಾಳೆಯಲ್ಲಿ ಗೋವಿನಜೋಳದ ದರ, ಅಪ್ಪನ ಮೊಣಕಾಲು ನೋವು, ಅಕ್ಕನ ಮನೆಯ ಸುದ್ದಿ ಎಲ್ಲ ಇದ್ದವು. ಎರಡನೆಯ ಹಾಳೆಯ ತುಂಬ ಒಂದೇ ಸಂಗತಿ: ಗುಂಡನಿಗೆ ಒಂಬತ್ತು ತಿಂಗಳು ತುಂಬಿದಾಗ ಮಾಡಿಸಬೇಕಾಗಿದ್ದ ಗೊಬ್ಬರದ, ಅಂದರೆ ದಡಾರದ, ಸೂಜಿಯನ್ನು ನೀನು ಮಾಡಿಸಿಲ್ಲ, ಆಶಾ ಕಾರ್ಯಕರ್ತೆಯನ್ನು ಎರಡು ಸಲ ಬಾಗಿಲಿನಿಂದಲೇ ತಿರುಗಿ ಕಳಿಸಿದ್ದೀ, ಮೂರನೆಯ ಸಲ ಅವಳು ಬಂದಾಗ ಅವ್ವ ನಾಚಿಕೆಗೆ ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ಚಹಾ ಕೊಟ್ಟು, ಬೇರೆ ಮಾತು ಆಡಿ ಕಳಿಸಿದ್ದಾಳೆ. 'ನೀನರೆ ಒಂದ ಮಾತ ಹೇಳು, ನಿನ್ನ ಮಾತ ಕೇಳತಾನ' ಎಂದು ಕೊನೆಗೆ ಬರೆದಿದ್ದಾಳೆ.

ಅಣ್ಣಾ, ಫೋನಿನಲ್ಲಿ ಈ ಮಾತು ತೆಗೆದಾಗಲೆಲ್ಲ ನಮ್ಮಿಬ್ಬರ ದನಿಯೂ ಏರುತ್ತದೆ. ಆಮೇಲೆ ಯಾರಾದರೊಬ್ಬರು ಕೂಸು ಅಳುತ್ತಿದೆ ಎಂದು ನೆವ ಹೇಳಿ ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಾಗದೆ ಕೊನೆಯ ತನಕ ಓದು. ವೈನಿಯವರಿಗೂ ಓದಿ ಹೇಳು.

ಮೊದಲು, ನಾನು ನಿಮ್ಮೆಲ್ಲರಿಂದ ಮುಚ್ಚಿಟ್ಟಿದ್ದ ಸಂಗತಿಯೊಂದನ್ನು ಹೇಳಬೇಕು. ಯಾರೂ ಗಾಬರಿಯಾಗಬೇಡಿರಿ, ಪುಟ್ಟಿ ಈ ಹೊತ್ತು ನನ್ನ ಪಕ್ಕದಲ್ಲಿಯೇ ಅವ್ವ ಹೊಲಿದ ಕೌದಿಯ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದ್ದಾಳೆ. ಕಳೆದ ಮಾರ್ಚ್‌ನಲ್ಲಿ, ಅವಳು ಐದು ತಿಂಗಳ ಕೂಸಾಗಿದ್ದಾಗ, ನೆಗಡಿಯಾಗಿದೆಯೆಂದು ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆ. ಕಾಯುವ ಕೋಣೆಯಲ್ಲಿ ಯಾರೂ ಇರಲಿಲ್ಲ. ಸದ್ಯ, ಗದ್ದಲವಿಲ್ಲ ಎಂದು ಸಮಾಧಾನಪಟ್ಟು, ಅಲ್ಲಿಯ ಚಾಪೆಯ ಮೇಲೆ ಅವಳನ್ನು ಬೋರಲು ಮಲಗಿಸಿ ಆಡಿಸಿದೆ. ಮೂರನೆಯ ದಿನ ಫೋನ್ ಬಂತು. ನಾವು ಹೋಗುವ ಮುಕ್ಕಾಲು ಗಂಟೆ ಮೊದಲು ಅದೇ ಕೋಣೆಯಲ್ಲಿ ದಡಾರವಾಗಿದ್ದ ಮಗುವೊಂದು ಕುಳಿತು ಎದ್ದುಹೋಗಿತ್ತು. ನಾವು ಗೊಬ್ಬರ ಎನ್ನುವ ಈ ರೋಗದ ವೈರಾಣು, ರೋಗಿ ಎದ್ದುಹೋದ ಮೇಲೆಯೂ ಎರಡು ಗಂಟೆಯ ತನಕ ಗಾಳಿಯಲ್ಲಿ ಉಳಿದಿರುತ್ತದೆ. ಆ ಮಗುವಿನ ಮುಖವನ್ನು ನಾನು ನೋಡಿಯೂ ಇಲ್ಲ. ಅದಕ್ಕೆ ಲಸಿಕೆ ಆಗಿರಲಿಲ್ಲ ಎಂಬುದು ಮಾತ್ರ ಗೊತ್ತಾಯಿತು.

ಆರು ತಿಂಗಳು ತುಂಬದ ಕೂಸಿಗೆ ದಡಾರದ ಲಸಿಕೆ ಹಾಕುವುದಿಲ್ಲ. ಅದರ ಬದಲಿಗೆ, ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯಗಳ ಮದ್ದನ್ನು ಸೋಂಕಿನ ಹತ್ತಿರ ಹೋದ ಆರು ದಿನಗಳೊಳಗೆ ಕೊಡಬೇಕು. ಪುಟ್ಟಿಯ ಎರಡೂ ತೊಡೆಗೆ ಚುಚ್ಚಿದರು. ಆ ಮದ್ದು ಕೊಟ್ಟರೆ ರೋಗ ಹೊರಬೀಳುವುದು ತಡವಾಗಬಹುದು ಎಂಬ ಕಾರಣಕ್ಕೆ, ಸೋಂಕಿನ ಹತ್ತಿರ ಹೋದ ದಿನದಿಂದ 28 ದಿನ ಅವಳನ್ನು ಮನೆಯಿಂದ ಹೊರಗೆ ಒಯ್ಯಬಾರದು ಎಂದರು. ಅಷ್ಟೂ ದಿನ ಬೆಳಗಾದ ಕೂಡಲೇ ಅವಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲು ಕಿವಿಯ ಹಿಂದೆ, ಆಮೇಲೆ ಹಣೆಯ ಕೂದಲಂಚಿನಲ್ಲಿ ಕೆಂಪು ಎದ್ದಿದೆಯೇ ಎಂದು ನೋಡುತ್ತಿದ್ದೆ. ಗುಳ್ಳೆಗಳು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಯುಗಾದಿಯ ದಿನ ವಿಡಿಯೊದಲ್ಲಿ ಅವ್ವ 'ನೀ ಯಾಕ ಇಷ್ಟ ಸೊರಗೀದಿ' ಎಂದು ಕೇಳಿದಾಗ, ಕೂಸಿಗೆ ಹಲ್ಲು ಬರುತ್ತಿವೆ, ರಾತ್ರಿ ನಿದ್ದೆಯಿಲ್ಲ ಎಂದು ಸುಳ್ಳು ಹೇಳಿದೆ. ಅವ್ವಾ, ಕ್ಷಮಿಸು. ಏನೂ ಆಗಲಿಲ್ಲ, ನಿಜವಾಗಿಯೂ ಏನೂ ಆಗಲಿಲ್ಲ. ಆ ಮದ್ದಿನ ಮೇಲೆ ಆರು ತಿಂಗಳು ಬಿಟ್ಟು ಲಸಿಕೆ ಹಾಕಬೇಕಾಗಿದ್ದರಿಂದ, ಅಕ್ಟೋಬರ್‌ನಲ್ಲಿ ಹುಟ್ಟುಹಬ್ಬದ ಮರುದಿನವೇ ಒಯ್ದು ಹಾಕಿಸಿದೆವು. ಒಂದು ದಿನದ ಜ್ವರವೂ ಬರಲಿಲ್ಲ.

ಈ ಬೇನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಇಲ್ಲಿಂದ ನೈಋತ್ಯಕ್ಕೆ, ಗದಗದಿಂದ ಹುಬ್ಬಳ್ಳಿಗೆ ಹೋಗಿ ಬಂದಷ್ಟು ದೂರದಲ್ಲಿ ಸೆಮಿನೋಲ್ ಎಂಬ ಊರಿದೆ. ನಮ್ಮ ಕಡೆಯ ಹಾಗೆಯೇ ಹತ್ತಿ, ಶೇಂಗಾ ಬೆಳೆಯುವ ನಾಡು ಅದು. ಹತ್ತಿಯನ್ನು ಇಲ್ಲಿ ಕೈಯಿಂದ ಬಿಡಿಸುವುದಿಲ್ಲ, ಯಂತ್ರವೇ ಬಿಡಿಸಿ, ಆಳೆತ್ತರದ ಉರುಳೆ ಕಟ್ಟಿ, ಹಳದಿ ಇಲ್ಲವೇ ಗುಲಾಬಿ ಪ್ಲಾಸ್ಟಿಕ್ ಸುತ್ತಿ ಹೊಲದಲ್ಲಿ ಉರುಳಿಸಿ ಮುಂದೆ ಹೋಗುತ್ತದೆ. ಅಪ್ಪ ನೋಡಿದರೆ ಬದುವಿನ ಮೇಲೆ ಕುಳಿತು ದಿನವಿಡೀ ನೋಡುತ್ತಾರೆ. ಆ ಜಿಲ್ಲೆಯಲ್ಲಿ ಶಾಲೆಗೆ ಸೇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 82 ಮಕ್ಕಳಿಗೆ ಮಾತ್ರ ಲಸಿಕೆ ಆಗಿತ್ತು. ದಡಾರವನ್ನು ಊರಿನೊಳಗೆ ಹಬ್ಬದಂತೆ ತಡೆಯಬೇಕಾದರೆ ನೂರಕ್ಕೆ 95 ಮಂದಿಗೆ ಆಗಿರಬೇಕು, ಏಕೆಂದರೆ ಯಾರಿಗೂ ರಕ್ಷಣೆಯಿಲ್ಲದ ಕಡೆ ಒಬ್ಬ ರೋಗಿ ಹನ್ನೆರಡರಿಂದ ಹದಿನೆಂಟು ಮಂದಿಗೆ ರೋಗ ದಾಟಿಸಬಲ್ಲ. ಜನವರಿಯ ಕೊನೆಯಲ್ಲಿ ಶುರುವಾದದ್ದು ಮುಗಿಯಿತೆಂದು ಸರಕಾರ ಹೇಳಿದ್ದು ಆಗಸ್ಟ್ 18ಕ್ಕೆ. ಅಷ್ಟರಲ್ಲಿ ಈ ರಾಜ್ಯದಲ್ಲಿ 762 ಜನರಿಗೆ ತಗುಲಿತ್ತು, ಶಾಲೆಗೆ ಹೋಗುವ ವಯಸ್ಸಿನ ಎರಡು ಮಕ್ಕಳು ತೀರಿಹೋಗಿದ್ದವು. ಎರಡೂ ಮೊದಲು ಗಟ್ಟಿಮುಟ್ಟಾಗಿಯೇ ಇದ್ದ ಮಕ್ಕಳು, ಎರಡಕ್ಕೂ ಲಸಿಕೆ ಆಗಿರಲಿಲ್ಲ. ದಡಾರವನ್ನು ತೊಲಗಿಸಿದ್ದೇವೆ ಎಂದು 2000ದಲ್ಲಿಯೇ ಸಾರಿದ ದೇಶ ಇದು. ಪಕ್ಕದ ಕೆನಡಾ ದೇಶವಂತೂ ಆ ಹೆಸರನ್ನು ಈ ತಿಂಗಳ 10ನೇ ತಾರೀಖಿಗೆ ಕಳೆದುಕೊಂಡಿತು.

ಇಲ್ಲಿಯ ಕಾನೂನು ವಿಚಿತ್ರವಾಗಿದೆ. 'ಮನಸ್ಸಾಕ್ಷಿಯ ಕಾರಣ' ಎಂದು ಒಂದು ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ ಸೂಜಿಯಿಲ್ಲದೆ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಬೇಕು. ಮೊದಲು ಆ ಕಾಗದವನ್ನು ಸರಕಾರದಿಂದ ಕೇಳಿ ತರಿಸಿಕೊಳ್ಳಬೇಕಾಗಿತ್ತು, ಇಷ್ಟೆಲ್ಲ ಆದ ಮೇಲೆ, ಈ ಸೆಪ್ಟೆಂಬರ್‌ನಿಂದ, ಕಂಪ್ಯೂಟರಿನಿಂದಲೇ ತೆಗೆದುಕೊಳ್ಳಬಹುದು ಎಂದು ಮಾಡಿದ್ದಾರೆ. ಬೇನೆ ಬಂದಾಗ ಕೆಲವರು ಮಕ್ಕಳಿಗೆ ಮೀನಿನ ಎಣ್ಣೆ, 'ಎ' ಜೀವಸತ್ವ ಕುಡಿಸಿದರು. ಅದು ಅತಿಯಾಗಿ, ಯಕೃತ್ತಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ಮಕ್ಕಳೂ ಈ ಊರಿನಲ್ಲಿದ್ದರು.

ಇಲ್ಲಿಯ ಜನರ ಸಿಟ್ಟನ್ನು ನೀನು ನೋಡಬೇಕಾಗಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, ನನ್ನ ಹಿಂದಿದ್ದ ಬಸುರಿ ಹೆಣ್ಣುಮಗಳೊಬ್ಬಳು, ಲಸಿಕೆ ಬೇಡವೆಂದವರ ಮಕ್ಕಳನ್ನು ಆಸ್ಪತ್ರೆಯೊಳಗೆ ಬಿಟ್ಟುಕೊಳ್ಳಲೇಬಾರದು ಎಂದಳು. ಸುತ್ತಲಿದ್ದವರು ಹೌದೆಂದರು. ನಾನೂ ತಲೆಯಾಡಿಸಿದೆ. ಮನೆಗೆ ಬಂದು ಪುಟ್ಟಿಯ ಬಟ್ಟೆ ಮಡಿಚುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬೇಡವೆಂದು ಹೇಳಿದ್ದು ಆ ಮಕ್ಕಳಲ್ಲ. ಆ ತಂದೆತಾಯಿಗಳೂ ಮಕ್ಕಳನ್ನು ಪ್ರೀತಿಸದವರಲ್ಲ. ಆದರೂ ಅವರ ಮೇಲಿನ ನನ್ನ ಸಿಟ್ಟು ಆರಲಿಲ್ಲ, ಇಂದಿಗೂ ಆರಿಲ್ಲ. ಅವರು ತಮ್ಮ ಮನೆಯ ವಿಚಾರ ಎಂದುಕೊಂಡದ್ದು ನನ್ನ ಕೂಸು ಆಡುತ್ತಿದ್ದ ಚಾಪೆಯ ತನಕ ಬಂದಿತ್ತು. ಅಣ್ಣಾ, ಇಷ್ಟು ದಿನ ಆ ಸಿಟ್ಟು ಗುರುತಿಲ್ಲದವರ ಮೇಲಿತ್ತು. ಅವ್ವನ ಪತ್ರ ಓದಿದ ಮೇಲೆ, ಅದೇ ಮಾತನ್ನು ಆಡುತ್ತಿರುವವನು ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ ನನ್ನ ಅಣ್ಣ ಎಂದು ತಿಳಿದು, ಎರಡು ರಾತ್ರಿ ನಿದ್ದೆ ಬರಲಿಲ್ಲ.

ನಿನ್ನ ಹೆದರಿಕೆ ಎಲ್ಲಿಂದ ಹುಟ್ಟಿತೆಂದು ನನಗೆ ಗೊತ್ತು. ಮೂರೂವರೆ ತಿಂಗಳಿನ ಸೂಜಿಯಾದ ರಾತ್ರಿ ಗುಂಡನಿಗೆ ಜ್ವರ ಏರಿ, ತೊಡೆ ಬಾತು, ನೀನು ಮಳೆಯಲ್ಲಿ ಗಾಡಿಯ ಮೇಲೆ ಡಾಕ್ಟರರ ಮನೆಗೆ ಓಡಿದ್ದೆ. ಆ ರಾತ್ರಿಯ ಸಂಕಟವನ್ನು ನಾನು ಸಣ್ಣದು ಎನ್ನುವುದಿಲ್ಲ. ಆದರೆ ಅದು ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾ ಸೂಜಿ. ಅದರಲ್ಲಿರುವ ನಾಯಿಕೆಮ್ಮಿನ ಭಾಗದಿಂದ ಅಂತಹ ಜ್ವರ, ಬಾವು ಬಹಳ ಕೂಸುಗಳಿಗೆ ಬರುತ್ತವೆ, ಒಂದೆರಡು ದಿನದಲ್ಲಿ ಇಳಿಯುತ್ತವೆ, ಗುಂಡನಿಗೂ ಇಳಿಯಿತು. ಈಗ ಮಾಡಿಸಬೇಕಾದದ್ದು ಬೇರೆಯ ಲಸಿಕೆ. ಇದರಲ್ಲಿ ಕೆಲವು ಮಕ್ಕಳಿಗೆ ವಾರ, ಹತ್ತು ದಿನದ ಮೇಲೆ ಸ್ವಲ್ಪ ಜ್ವರ, ಮೈಮೇಲೆ ತೆಳ್ಳನೆಯ ಕೆಂಪು ಕಾಣಿಸಬಹುದು. ಬಂದರೆ ಗಾಬರಿಯಾಗದೆ ನರ್ಸ್ ಹೇಳಿದ ಔಷಧ ಕೊಡಿರಿ.

ಶುಕ್ರವಾರ ನೀನು 'ನೋಡು, ನಿಮ್ಮ ಅಮೆರಿಕಾನೇ ಒಪ್ಪಿಕೊಂಡದ' ಎಂದು ಕಳಿಸಿದ ಸುದ್ದಿಯನ್ನೂ ಓದಿದೆ. ಲಸಿಕೆಯಿಂದ ಆಟಿಸಂ ಬರುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ ಎಂದು ಇಲ್ಲಿಯ ಸರಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ತನ್ನ ವೆಬ್ ಪುಟವನ್ನು ಬುಧವಾರ ಬದಲಿಸಿದ್ದು ನಿಜ. ಆದರೆ ಅದನ್ನು ಹೊಸದಾಗಿ ಯಾವ ಪ್ರಯೋಗಶಾಲೆಯೂ ಕಂಡುಹಿಡಿದದ್ದಲ್ಲ. ಬಹುಕಾಲದಿಂದ ಲಸಿಕೆಗಳನ್ನು ಶಂಕಿಸುತ್ತ ಬಂದಿರುವ ರಾಬರ್ಟ್ ಎಫ್. ಕೆನಡಿ ಜೂನಿಯರ್ ಅವರು ಈಗ ಇಲ್ಲಿಯ ಆರೋಗ್ಯ ಮಂತ್ರಿ, ಆ ಸಂಸ್ಥೆ ಅವರ ಕೈಕೆಳಗಿದೆ. ದಡಾರದ ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ್ದು 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ, ಬರೀ 12 ಮಕ್ಕಳ ಮೇಲೆ ಬರೆದ ಲೇಖನದಿಂದ. ಅದನ್ನು ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು, ಅದೇ ವರ್ಷ ಅವನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. ಡೆನ್ಮಾರ್ಕಿನವರು ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ನೋಡಿ, ಯಾವ ನಂಟೂ ಇಲ್ಲವೆಂದು 2019ರಲ್ಲಿ ತೋರಿಸಿದರು. ಬೀಜ ಕೊಳ್ಳುವಾಗ ಹತ್ತು ಅಂಗಡಿ ತಿರುಗಿ ವಿಚಾರಿಸುವ ನೀನು, ಮಗನ ವಿಷಯದಲ್ಲಿ ಯಾರೋ ಮುಂದೆ ದೂಡಿದ ಒಂದು ಸಂದೇಶವನ್ನು ನಂಬಬಹುದೇ?

2017ರ ಫೆಬ್ರುವರಿಯನ್ನು ನೆನಪಿಸಿಕೊ. ದಡಾರ-ರುಬೆಲ್ಲಾ ಅಭಿಯಾನ ನಮ್ಮ ರಾಜ್ಯದಲ್ಲಿ ಶುರುವಾದಾಗಲೂ ಮೊಬೈಲಿನ ತುಂಬ ಇಂತಹವೇ ಸುದ್ದಿಗಳಿದ್ದವು. ಅಕ್ಕ ಹಿಂಜರಿದಾಗ, ಅವಳ ಇಬ್ಬರೂ ಮಕ್ಕಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ದು, ಸೂಜಿ ಮಾಡಿಸಿ, ಪೆಪ್ಪರ್‌ಮಿಂಟ್ ಕೊಡಿಸಿ ಕರೆತಂದವನು ನೀನೇ.

ಇನ್ನೊಂದು ಮಾತು. ಅವ್ವ ಕಳಿಸಿದ ಫೋಟೊದಲ್ಲಿ ಗುಂಡನ ಸೊಂಟದಲ್ಲಿ ಬೆಳ್ಳಿಯ ಉಡದಾರವಿದೆ. ಒಂದು ಕೊಂಡಿ ಕಿತ್ತುಹೋಗಿ, ಅಲ್ಲಿ ಕೆಂಪು ದಾರ ಸುತ್ತಿದೆ. ಅದನ್ನು ಸುತ್ತಿದವಳು ಆಯಿ. ಅದು ನಮ್ಮ ಕಾಕಾನದು, ಅಪ್ಪನ ಬೆನ್ನಿಗೆ ಹುಟ್ಟಿ ಎರಡು ವರ್ಷಕ್ಕೆ ಹೋದವನದು. ಮೈತುಂಬ ಗೊಬ್ಬರ ಎದ್ದು, ಎದೆಯಲ್ಲಿ ಕಫ ತುಂಬಿ, ಬೇವಿನ ತಪ್ಪಲಿನ ಮೇಲೆ ಮಲಗಿಸಿದ್ದ ಕೂಸಿನ ಉಸಿರು ಐದನೆಯ ದಿನ ನಿಂತಿತು ಎಂದು ಆಯಿ ಹೇಳುತ್ತಿದ್ದಳು. ದ್ಯಾಮವ್ವನಿಗೆ ಹರಕೆ ಹೊರುವುದರ ಹೊರತು ಅವಳ ಕೈಯಲ್ಲಿ ಆಗ ಏನೂ ಇರಲಿಲ್ಲ. 1985ರಲ್ಲಿ ಈ ಸೂಜಿ ಸರಕಾರದ ಕಾರ್ಯಕ್ರಮಕ್ಕೆ ಸೇರಿತು. ನಂತರ ನೀನು ಹುಟ್ಟಿದಾಗ ಅವ್ವ ಕೇಳುವ ಮೊದಲೇ ಆಯಿಯೇ ನಿನ್ನನ್ನು ಕುಂಚಿಗೆಯಲ್ಲಿ ಸುತ್ತಿಕೊಂಡು ದವಾಖಾನೆಗೆ ಒಯ್ದಿದ್ದಳಂತೆ.

ಇಲ್ಲಿಯ ನನ್ನ ಗೆಳತಿಯರಿಗೆ, ನಮ್ಮ ಊರಿನಲ್ಲಿ ಮಗುವಿಗೆ ಯಾವ ಸೂಜಿ ಬಾಕಿಯಿದೆ ಎಂದು ಹೆಸರು ಬರೆದುಕೊಂಡು ಹೆಣ್ಣುಮಗಳೊಬ್ಬಳು ಮನೆಬಾಗಿಲಿಗೆ ಬರುತ್ತಾಳೆ, ಒಂದು ಪೈಸೆ ಕೊಡಬೇಕಾಗಿಲ್ಲ ಎಂದು ಹೇಳಿದರೆ ಅವರು ನಂಬುವುದಿಲ್ಲ. ನಾನು ಅದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಅವಳನ್ನು ನಮ್ಮ ಮನೆಯಿಂದಲೇ ತಿರುಗಿ ಕಳಿಸಿದ್ದು ನನಗೆ ಬಹಳ ನೋವಾಗಿದೆ. ಅವಳಿಗೆ ಒಂದು ಒಳ್ಳೆಯ ಮಾತು ಹೇಳು.

ಬನದ ಹುಣ್ಣಿಮೆ ಜನವರಿ 3ಕ್ಕೆ ಇದೆ. ಬನಶಂಕರಿ ಜಾತ್ರೆಗೆ ಗುಂಡನನ್ನು ಕರೆದೊಯ್ಯುತ್ತೀರಿ ಎಂದು ಅವ್ವ ಬರೆದಿದ್ದಾಳೆ. ಆ ಬಸ್ಸು, ಆ ತೇರಿನ ಗದ್ದಲದಲ್ಲಿ ಗುಂಡನಿಗೆ ತಗುಲಬಹುದು, ಅಥವಾ ಗುಂಡನಿಂದ ಇನ್ನೂ ಒಂಬತ್ತು ತಿಂಗಳಾಗದ ಯಾರದೋ ಕೂಸಿಗೆ ತಗುಲಬಹುದು. ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್ ಕಡೆ ಶಾಲೆಗೆ ಹೋಗುವ ಮಗುವೊಂದು ಸತ್ತಿತು. ಲಸಿಕೆಯ ವಯಸ್ಸಾಗುವ ಮೊದಲೇ ಅದಕ್ಕೆ ದಡಾರ ತಗುಲಿತ್ತು, ವಾಸಿಯಾಗಿತ್ತು, ವರ್ಷಗಳ ಮೇಲೆ ಮೆದುಳಿಗೆ ಏರಿತು. ಆ ಸುದ್ದಿ ಓದಿದಾಗಿನಿಂದ ಪುಟ್ಟಿಯನ್ನು ನೋಡಿದಾಗಲೆಲ್ಲ ಆ ಕಾಯುವ ಕೋಣೆ ನೆನಪಾಗುತ್ತದೆ. ಸೂಜಿಯಾದ ಮೇಲೆ ಮೈಯಲ್ಲಿ ಶಕ್ತಿ ಕೂಡಲು ಎರಡು ವಾರವಾದರೂ ಬೇಕು. ಆದ್ದರಿಂದ ಈ ಪತ್ರ ಮುಟ್ಟಿದ ಮೊದಲ ಗುರುವಾರವೇ, ಸೂಜಿ ಹಾಕುವ ದಿನ, ದವಾಖಾನೆಗೆ ಹೋಗು. ತಡವಾಯಿತೆಂದು ಅವರು ಬೈಯುವುದಿಲ್ಲ.

ನಮ್ಮ ಚಿಂತೆ ಮಾಡಬೇಡಿರಿ. ಪುಟ್ಟಿ ನಾಲ್ಕು ಹೆಜ್ಜೆ ಇಡುತ್ತಾಳೆ, ಚೆನ್ನಾಗಿ ಉಣ್ಣುತ್ತಾಳೆ, ಇವರೂ ಆರಾಮ, ನಾನೂ ಆರಾಮ, ಯಾವ ತೊಂದರೆಯೂ ಇಲ್ಲ. ಅಪ್ಪನ ಮೊಣಕಾಲಿಗೆ ಹಣ ಕಳಿಸಿದ್ದೇನೆ, ಹುಬ್ಬಳ್ಳಿಗೆ ಒಯ್ದು ತೋರಿಸು. ನಾಳೆ ಬೆಳಿಗ್ಗೆ ಧಾರವಾಡದ ಹುಡುಗ ಊರಿಗೆ ಹೊರಡುತ್ತಾನೆ, ಇದನ್ನು ಅವನ ಕೈಯಲ್ಲಿ ಕೊಡಬೇಕು, ಇನ್ನೂ ಗಂಟು ಕಟ್ಟಿಲ್ಲ. ಪುಟ್ಟಿ ಎದ್ದಳು.

ತಾಯಿ ಕಾರ್ಡಿನಲ್ಲಿ ಒಂಬತ್ತು ತಿಂಗಳಿನ ಸಾಲಿನ ಮುಂದೆ ತಾರೀಖು ಬರೆಸಿ, ಫೋಟೊ ಕಳಿಸು. ರಾತ್ರಿ ಎಷ್ಟು ಹೊತ್ತಾಗಿದ್ದರೂ ನೋಡುತ್ತೇನೆ.

ಇಂತಿ ನಿನ್ನ ತಂಗಿ